ಪಗಾರಕ್ಕೆ ಹೋದ ಮಾಲೀಕ, ಮಲಗದ ಕಂಪನಿ

ಮಿರಗಿನ ಮಳೆ ಹಿಡಿದರೆ ಸಾಕು, ಖಾನಾಪುರ ತಾಲ್ಲೂಕಿನ ಇಟ್ಟಿಗೆ ಭಟ್ಟಿಗಳು ನಿಲ್ಲುತ್ತವೆ. ಹಸಿ ಇಟ್ಟಿಗೆ ಒಣಗಿಸಲು ಬಿಸಿಲಿಲ್ಲ. ಜಾಂಬೋಟಿ, ಕಣಕುಂಬಿ ಕಡೆಯ ಮಳೆಗೆ ಎದುರು ನಿಲ್ಲುವ ತಾಡಪತ್ರಿ ಇನ್ನೂ ಹುಟ್ಟಿಲ್ಲ. ಕೂಲಿಯವರು ನಾಟಿಗೆ ಹೋಗುತ್ತಾರೆ, ಮಾಲೀಕ ಬೇರೇನಾದರೂ ನೋಡಿಕೊಳ್ಳುತ್ತಾನೆ, ದೀಪಾವಳಿ ದಾಟಿದ ಮೇಲೆ ಮತ್ತೆ ಮಣ್ಣು ಕಲಸುತ್ತಾರೆ. ನಡುವಿನ ತಿಂಗಳುಗಳಲ್ಲಿ ಭಟ್ಟಿ ಯಾರಿಗೂ ಉತ್ತರ ಕೊಡಬೇಕಿಲ್ಲ. ಅಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಈಚೆ, ಬೆಳಗಾವಿಯ ಹಿಂದವಾಡಿಯಲ್ಲಿ ಹೆಸರಿನ ಕೊನೆಗೆ ‘ಪ್ರೈವೇಟ್ ಲಿಮಿಟೆಡ್’ ಹಚ್ಚಿಕೊಂಡು ಕುಳಿತ ಎಂಜಿನಿಯರನಿಗೆ ಈ ಭಾಗ್ಯವಿಲ್ಲ.

ಅಂಥ ಒಬ್ಬರನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಸುತ್ತ ಇಂಥವರು ಬೇಕಾದಷ್ಟು ಜನ ಇದ್ದಾರೆ. ಫೌಂಡ್ರಿಗಳಿಗೆ, ಮಷಿನ್ ಶಾಪ್‌ಗಳಿಗೆ ಡ್ರಾಯಿಂಗ್ ಮಾಡಿಕೊಡುವುದು, ಸಿಎನ್‌ಸಿ ಪ್ರೋಗ್ರಾಂ ಬರೆದುಕೊಡುವುದು ಇವರ ಕಸುಬು. ಮೊದಲು ಸ್ವಂತ ಹೆಸರಿನಲ್ಲೇ ಬಿಲ್ ಕೊಡುತ್ತಿದ್ದರು. ಆಮೇಲೆ ಒಬ್ಬ ದೊಡ್ಡ ಗಿರಾಕಿ ‘ನಮ್ಮ ವೆಂಡರ್ ಲಿಸ್ಟಿನಲ್ಲಿ ಬರಬೇಕಾದರೆ ಕಂಪನಿ ಇರಬೇಕು’ ಎಂದ. ಒಬ್ಬರೇ ಸದಸ್ಯರಾಗಿರುವ ಕಂಪನಿಗೆ 2013ರ ಕಂಪನಿ ಕಾಯ್ದೆ ಅವಕಾಶ ಕೊಟ್ಟಿದೆ, ಅದನ್ನೇ ತೆರೆದರು. (ಮದುವೆಯ ಮಾತುಕತೆಯಲ್ಲಿ ‘ಹುಡುಗ ಡೈರೆಕ್ಟರ್ ಅದಾನ್ರಿ’ ಎನ್ನಲು ಬರುತ್ತದೆಂಬುದೂ ಸಣ್ಣ ಕಾರಣವಲ್ಲ.) ಈಗ ಆರ್ಡರ್ ಇಳಿದಿವೆ. ಪುಣೆಯ ಒಂದು ಕಾರ್ಖಾನೆ ಹನ್ನೊಂದು ತಿಂಗಳ ಮಟ್ಟಿಗೆ ಕರೆಯುತ್ತಿದೆ. ಕಂಪನಿ ಬಿಲ್ ನಡೆಯುವುದಿಲ್ಲ, ಪೇರೋಲ್ ಮೇಲೆ ಬರಬೇಕು. ತಿಂಗಳಿಗೆ ಪಗಾರ, ಪಿಎಫ್ ಕಡಿತ, ಕೊರಳಿಗೆ ಐಡಿ ಕಾರ್ಡು. ಕೆಲವೊಮ್ಮೆ ಪಗಾರ ಕೊಡುವುದು ಆ ಕಾರ್ಖಾನೆಯೂ ಅಲ್ಲ. ಟೀಮ್‌ಲೀಸ್, ಕ್ವೆಸ್‌ನಂಥ ಸಿಬ್ಬಂದಿ ಪೂರೈಸುವ ಸಂಸ್ಥೆಗಳ ಪುಸ್ತಕದಲ್ಲಿ ಹೆಸರು, ಕೆಲಸ ಇನ್ನೊಬ್ಬರಲ್ಲಿ.

ಹನ್ನೊಂದೇ ತಿಂಗಳು ಯಾಕೆ ಎಂಬುದನ್ನೂ ಹೇಳಿಬಿಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಡಿ ನಿಗದಿತ ಅವಧಿಯ ನೌಕರನಿಗೂ ಒಂದು ವರ್ಷ ತುಂಬಿದರೆ ಗ್ರ್ಯಾಚುಟಿಯ ಹಕ್ಕು ಬರುತ್ತದೆ. ಹನ್ನೊಂದು ತಿಂಗಳಿಗೆ ಬರುವುದಿಲ್ಲ. ನೇಮಕ ಪತ್ರಕ್ಕೆ ಸಹಿ ಹಾಕುವ ಮುನ್ನ ಇನ್ನೊಂದು ತಿಂಗಳು ಕೇಳಿ ನೋಡುವುದರಲ್ಲಿ ತಪ್ಪೇನಿಲ್ಲ.

ಹೊರಡುವ ಮೊದಲು ಅವರು ಟಿಳಕವಾಡಿಯ ಕಡೆ ಯಾವುದೋ ಮಾಳಿಗೆಯ ಮೇಲಿನ ಸಿಎ ಆಫೀಸಿಗೆ ಹೋಗಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ.

‘ಸರ, ಒಂದ್ ವರ್ಷದ ಮಟ್ಟಿಗೆ ಕಂಪನಿ ಬಂದ್ ಇಡೂಣೇನ್ರಿ?’

‘ಬಂದ್ ಇಡಾಕ ಬರೂದಿಲ್ರಿ. ನೀವು ಪುಣೇದಾಗ ಇದ್ರೂ ಸಪ್ಟೆಂಬರ್ ಬರ್ತದ, ಅಕ್ಟೋಬರ್ ಬರ್ತದ.’

ಸಿಎ ಸಾಹೇಬರು ಸುಮ್ಮನೆ ಹೆದರಿಸುತ್ತಿಲ್ಲ. ಕಂಪನಿ ಎಂದರೆ ಕಾನೂನಿನ ಕಣ್ಣಿಗೆ ಬೇರೆಯೇ ಒಬ್ಬ ವ್ಯಕ್ತಿ. 1896ರಲ್ಲಿ ಲಂಡನ್ನಿನ ಬೂಟು ವ್ಯಾಪಾರಿ ಸಾಲೊಮನ್‌ನ ಮೊಕದ್ದಮೆಯಲ್ಲಿ ಗಟ್ಟಿಯಾದ ಈ ತತ್ತ್ವದ ಮೇಲೆಯೇ ನಮ್ಮ ಕಾಯ್ದೆಯೂ ನಿಂತಿದೆ. ಅದಕ್ಕಿಂತ ನನಗೆ ಹಿಡಿಸುವುದು ನ್ಯೂಜಿಲೆಂಡಿನ ಲೀ ಎಂಬುವನ ಕಥೆ. ಹೊಲಗಳ ಮೇಲೆ ವಿಮಾನದಿಂದ ಗೊಬ್ಬರ ಚೆಲ್ಲುವ ಕಂಪನಿ ಅವನದು. ಹೆಚ್ಚುಕಡಿಮೆ ಎಲ್ಲ ಷೇರೂ ಅವನದೇ, ಆಡಳಿತ ನಡೆಸುವ ನಿರ್ದೇಶಕನೂ ಅವನೇ, ಪಗಾರ ತೆಗೆದುಕೊಳ್ಳುವ ಪೈಲಟ್ಟೂ ಅವನೇ. 1956ರಲ್ಲಿ ವಿಮಾನ ಬಿದ್ದು ಸತ್ತ. ತನ್ನ ಕಂಪನಿಗೆ ತಾನೇ ನೌಕರನಾಗಲು ಸಾಧ್ಯವೇ ಎಂಬ ವಾದ ಎದ್ದಾಗ, ಸಾಧ್ಯ ಎಂದು 1960ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತು. ವಿಧವೆಗೆ ಪರಿಹಾರದ ದಾರಿ ತೆರೆಯಿತು. ಅಂದರೆ ಹಿಂದವಾಡಿಯ ನಮ್ಮ ಎಂಜಿನಿಯರ್ ಪುಣೆಗೆ ಹೋದಾಗ ಹೋಗುವುದು ಒಬ್ಬನೇ. ಇನ್ನೊಬ್ಬ ಮನೆಯಲ್ಲೇ ಉಳಿಯುತ್ತಾನೆ, ಅವನ ಹೆಸರಿನಲ್ಲಿ ವರ್ಷದ ಲೆಕ್ಕ ಕೊಡುತ್ತಲೇ ಇರಬೇಕು.

ಆ ಲೆಕ್ಕ ಏನೆಂದು ನೋಡಿ. ಒಂದು ರೂಪಾಯಿ ವ್ಯವಹಾರ ಆಗದಿದ್ದರೂ ಪುಸ್ತಕ ಬರೆಯಬೇಕು, ಆಡಿಟ್ ಆಗಬೇಕು. ಸ್ವಂತ ಹೆಸರಿನ ಧಂದೆಯಲ್ಲಿ ವಹಿವಾಟು ಸಣ್ಣದಿದ್ದರೆ ಆಡಿಟ್ ಬೇಕಾಗುವುದಿಲ್ಲ. ಕಂಪನಿಗೆ ಅಂಥ ರಿಯಾಯಿತಿ ಇಲ್ಲ. ಹಣಕಾಸು ಪಟ್ಟಿಯನ್ನು ಎಒಸಿ-4 ನಮೂನೆಯಲ್ಲಿ, ವಾರ್ಷಿಕ ವಿವರಣೆಯನ್ನು ಎಂಜಿಟಿ-7ಎ ನಮೂನೆಯಲ್ಲಿ ಕಂಪನಿ ರಿಜಿಸ್ಟ್ರಾರರಿಗೆ ಕೊಡಬೇಕು. ಅವರ ಕಚೇರಿ ಐನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿದೆಯಾದರೂ ಎಲ್ಲ ಆನ್‌ಲೈನ್. ಒಬ್ಬರದೇ ಕಂಪನಿಯಾದರೆ ಎಒಸಿ-4ಕ್ಕೆ ಹಣಕಾಸು ವರ್ಷ ಮುಗಿದು 180 ದಿನ ಸಮಯ, ಅಂದರೆ ಸೆಪ್ಟೆಂಬರ್ ಕೊನೆ. ಆದಾಯ ತೆರಿಗೆ ರಿಟರ್ನ್ ಅಕ್ಟೋಬರ್ 31ಕ್ಕೆ. ಶೂನ್ಯವಿದ್ದರೂ ಬೇಕು, ನಷ್ಟವಿದ್ದರಂತೂ ಬೇಕೇ ಬೇಕು. ಗಡುವಿನೊಳಗೆ ಕೊಟ್ಟರೆ ವ್ಯವಹಾರದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಲಾಭದಲ್ಲಿ ಕಳೆಯಬಹುದು. ತಡವಾದರೆ ಆ ನಷ್ಟ ನಷ್ಟವಾಗಿಯೇ ಉಳಿಯಿತು.

ತಡ ಮಾಡಿದರೆ ಏನಾಗುತ್ತದೆ? 2018ರಿಂದ ರಿಜಿಸ್ಟ್ರಾರ್ ನಮೂನೆ ಒಂದಕ್ಕೆ ದಿನಕ್ಕೆ 100 ರೂಪಾಯಿ. ಇಷ್ಟಕ್ಕೇ ನಿಲ್ಲಬೇಕೆಂಬ ಮಿತಿ ಇಲ್ಲ. ಎರಡು ನಮೂನೆ, ಒಂದು ವರ್ಷ ಮರೆತರೆ 73,000 ರೂಪಾಯಿ. ಏನೂ ದುಡಿಯದ ಕಂಪನಿ, ಏನೂ ಮಾಡಲಿಲ್ಲವೆಂದು ತಿಳಿಸಲು ಮರೆತದ್ದಕ್ಕೆ ಇಷ್ಟು. ಸತತ ಮೂರು ವರ್ಷ ಮರೆತರೆ ನಿರ್ದೇಶಕನೇ ಐದು ವರ್ಷ ಅನರ್ಹ; ಆ ಅವಧಿಯಲ್ಲಿ ಹೊಸ ಕಂಪನಿಗೂ ನಿರ್ದೇಶಕನಾಗುವಂತಿಲ್ಲ. ಇದು ಕಾಗದದ ಮೇಲಿನ ಬೆದರಿಕೆ ಎಂದುಕೊಂಡಿದ್ದವರಿಗೆ 2017ರಲ್ಲಿ ಬಿಸಿ ತಾಗಿತು. ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರು ಹೊಡೆದುಹಾಕಿದರು, ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರು ಅನರ್ಹರಾದರು. ಅವರಲ್ಲಿ ಕಪ್ಪುಹಣದವರ ಜೊತೆಗೆ, ಕಂಪನಿ ತೆರೆದು ನೌಕರಿಗೆ ಹೋಗಿ ಅದನ್ನು ಮರೆತೇಬಿಟ್ಟ ಸಾಮಾನ್ಯರೂ ಇದ್ದರು. 2020ರಲ್ಲಿ ಕೊರೊನಾ ಕಾಲಕ್ಕೆ ತಡದ ಶುಲ್ಕ ಮನ್ನಾ ಮಾಡುವ ಯೋಜನೆ ಬಂತು ನಿಜ. ಅಂಥದ್ದು ಮತ್ತೆ ಬರುತ್ತದೆಂದು ಕಾಯುತ್ತ ಕೂರುವವರೂ ಇದ್ದಾರೆ. ಸಾಲಮನ್ನಾಕ್ಕೆ ಕಾಯುವ ರೈತನಿಗೆ ಬೇರೆ ದಾರಿ ಇರುವುದಿಲ್ಲ, ಇವರಿಗೆ ಇರುತ್ತದೆ.

ವೃತ್ತಿ ತೆರಿಗೆಯದು ಗಡಿಯ ಊರಿಗೆ ತಕ್ಕ ತಮಾಷೆ. ಪುಣೆಯ ಪಗಾರದಿಂದ ಮಹಾರಾಷ್ಟ್ರಕ್ಕೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300, ವರ್ಷಕ್ಕೆ 2,500 ರೂಪಾಯಿ ಹೋಗುತ್ತದೆ. ಇತ್ತ ಹಿಂದವಾಡಿಯ ಕಂಪನಿಯ ಹೆಸರಿನಲ್ಲಿ ಕರ್ನಾಟಕಕ್ಕೂ ವರ್ಷಕ್ಕೆ 2,500. ಗಡಿ ವಿವಾದದಲ್ಲಿ ಎರಡು ಸರ್ಕಾರಗಳಿಗೆ ಒಮ್ಮತವಿಲ್ಲದಿದ್ದರೂ ಈ ಅಂಕಿಯಲ್ಲಿದೆ.

ಜಿಎಸ್‌ಟಿಯ ಮಾತು ಬೇರೆ. ಇಲ್ಲಿ ಮಾತ್ರ ನಿಜವಾಗಿಯೂ ಬಾಗಿಲು ಹಾಕಲು ಬರುತ್ತದೆ. ನೋಂದಣಿ ಇಟ್ಟುಕೊಂಡರೆ ಶೂನ್ಯ ರಿಟರ್ನ್ ಹಾಕುತ್ತಿರಬೇಕು. ಶೂನ್ಯಕ್ಕೂ ತಡವಾದರೆ ದಿನಕ್ಕೆ 20 ರೂಪಾಯಿ. ಆರು ತಿಂಗಳು ಸತತವಾಗಿ ಹಾಕದಿದ್ದರೆ ಅಧಿಕಾರಿಯೇ ರದ್ದು ಮಾಡಬಹುದು, ಹಾಗೆ ರದ್ದಾದದ್ದನ್ನು ಬಿಡಿಸಿಕೊಳ್ಳುವುದು ತಲೆನೋವು. ತಾವಾಗಿಯೇ ರದ್ದು ಕೇಳಿದರೆ ಗೌರವದ ವಿದಾಯ: ಅರ್ಜಿ, ಆದೇಶ, ಆಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್. ಎಷ್ಟೋ ಜನ ರದ್ದತಿ ಆದೇಶ ಬಂದ ಖುಷಿಯಲ್ಲಿ ಈ ಕೊನೆಯದನ್ನು ಮರೆಯುತ್ತಾರೆ, ನೋಟಿಸ್ ಬಂದಾಗ ನೆನಪಾಗುತ್ತದೆ. ಕೈಯಲ್ಲಿ ಉಳಿದ ಸರಕು, ಕಂಪ್ಯೂಟರು, ಯಂತ್ರಗಳ ಮೇಲೆ ಹಿಂದೆ ಪಡೆದ ತೆರಿಗೆ ಕ್ರೆಡಿಟ್ಟಿನ ಪಾಲನ್ನೂ ರದ್ದತಿಯ ಹೊತ್ತಿಗೆ ಮರಳಿಸಬೇಕಾಗುತ್ತದೆ. ಸೇವೆ ಮಾತ್ರ ಮಾರುವ, ಒಂದು ಲ್ಯಾಪ್‌ಟಾಪ್ ಇರುವ ಎಂಜಿನಿಯರನಿಗೆ ಇದು ದೊಡ್ಡ ಮೊತ್ತವಲ್ಲ. ವರ್ಟಿಕಲ್ ಮಷಿನಿಂಗ್ ಸೆಂಟರ್ ಕೂಡಿಸಿಕೊಂಡವನು ಲೆಕ್ಕ ಹಾಕಿಯೇ ಕೈ ಹಾಕಬೇಕು. ನನ್ನ ಕೇಳಿದರೆ, ಹನ್ನೊಂದು ತಿಂಗಳ ನೌಕರಿ ಮುಗಿಸಿ ಅದೇ ಗಿರಾಕಿಗಳ ಬಳಿಗೆ ಬರುವ ಖಾತ್ರಿ ಇದ್ದವನು ನೋಂದಣಿ ಉಳಿಸಿಕೊಂಡು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ವ್ಯವಸ್ಥೆಗೆ ಹೋಗುವುದು ಲೇಸು.

‘ಹಾಗಾದರೆ ಡಾರ್ಮಂಟ್ ಅಂತಾರಲ್ಲ, ಅದೇನು?’ ಇದು ಸಿಎ ಮುಂದೆ ಎರಡನೆಯ ಪ್ರಶ್ನೆ. ಕಾಯ್ದೆಯ 455ನೇ ಕಲಮು ಸುಪ್ತ ಕಂಪನಿಯ ಬಗ್ಗೆ ಹೇಳುತ್ತದೆ. ಎಂಎಸ್‌ಸಿ-1 ನಮೂನೆಯಲ್ಲಿ ಅರ್ಜಿ ಹಾಕಿದರೆ ರಿಜಿಸ್ಟ್ರಾರ್ ಪ್ರಮಾಣಪತ್ರ ಕೊಟ್ಟು ಸುಪ್ತ ಕಂಪನಿಗಳ ಪಟ್ಟಿಗೆ ಸೇರಿಸುತ್ತಾರೆ. ಆಮೇಲೆ ವರ್ಷಕ್ಕೊಂದು ಎಂಎಸ್‌ಸಿ-3 ಕೊಟ್ಟರಾಯಿತು, ಬೇಕೆನಿಸಿದಾಗ ಎಂಎಸ್‌ಸಿ-4 ಹಾಕಿ ಎಬ್ಬಿಸಬಹುದು. ಕೇಳಲು ಚೆನ್ನಾಗಿದೆ. ತೊಡಕು ಇರುವುದು ಯಾರು ಅರ್ಜಿ ಹಾಕಬಹುದೆಂಬಲ್ಲಿ. ಮುಂದಿನ ಯೋಜನೆಗಾಗಿ ಅಥವಾ ಒಂದು ಆಸ್ತಿ, ಪೇಟೆಂಟ್ ಇಟ್ಟುಕೊಳ್ಳಲೆಂದೇ ಕಟ್ಟಿದ ಕಂಪನಿಯನ್ನು ಬಿಟ್ಟರೆ, ಹಿಂದಿನ ಎರಡು ಹಣಕಾಸು ವರ್ಷ ಧಂದೆ ಅಥವಾ ಗಣನೀಯ ವ್ಯವಹಾರ ನಡೆಸದೆ ಕೂತ ಕಂಪನಿಗೆ ಈ ದಾರಿ.

ನಮ್ಮ ಎಂಜಿನಿಯರ್ 2026ರ ಜೂನ್‌ನಲ್ಲಿ ಪುಣೆಗೆ ಹೊರಟರು ಅನ್ನಿ. ಏಪ್ರಿಲ್, ಮೇಯಲ್ಲಿ ಬಿಲ್ ಮಾಡಿದ್ದರಿಂದ 2026-27 ವ್ಯವಹಾರವಿದ್ದ ವರ್ಷ. ಖಾಲಿ ವರ್ಷಗಳೆಂದು ಹಿಡಿಯಬಹುದಾದದ್ದು 2027-28 ಮತ್ತು 2028-29. ಅಂದರೆ ಸುಪ್ತವಾಗಲು ಅರ್ಜಿ ಹಾಕುವ ಯೋಗ 2029ರ ಏಪ್ರಿಲ್‌ಗೆ. ಅವರ ನೌಕರಿ 2027ರ ಮೇಯಲ್ಲೇ ಮುಗಿದಿರುತ್ತದೆ.

ತಾತ್ಕಾಲಿಕ ಪಗಾರಕ್ಕೆ ಹೋಗುವವನಿಗೆ ಈ ಕಲಮು ಯಾಕೆ ಉಪಯೋಗಕ್ಕೆ ಬಾರದೆಂಬುದಕ್ಕೆ ಇಷ್ಟು ಸಾಕು. ಆದರೆ ಕಾಯ್ದೆ ಇನ್ನೂ ಕೆಲವು ಬೇಲಿ ಹಾಕಿದೆ. ಅರ್ಜಿ ಹಾಕುವಾಗ ಸರ್ಕಾರಕ್ಕೆ ತೆರಿಗೆ ಬಾಕಿ ಇರಬಾರದು, ಕೆಲಸಗಾರರ ಬಾಕಿ ಇರಬಾರದು, ತನಿಖೆ, ಮೊಕದ್ದಮೆ ಇರಬಾರದು, ಭದ್ರತೆ ಕೊಟ್ಟು ತಂದ ಸಾಲ ಇರಬಾರದು. ಉದ್ಯಮಬಾಗದಲ್ಲಿ ಯಂತ್ರದ ಮೇಲೆ ಬ್ಯಾಂಕ್ ಸಾಲವಿಲ್ಲದ ಕಂಪನಿ ಎಷ್ಟಿದ್ದಾವು? ಭದ್ರತೆ ಇಲ್ಲದ ಸಾಲವಿದ್ದರೆ ಸಾಲ ಕೊಟ್ಟವನ ಒಪ್ಪಿಗೆ ಲಗತ್ತಿಸಬೇಕು. ಸಣ್ಣ ಕಂಪನಿಗೆ ಸಾಲ ಕೊಟ್ಟವನು ಸಾಮಾನ್ಯವಾಗಿ ಮಾಲೀಕನೇ. ಅವನು ತನಗೆ ತಾನೇ ‘ನನ್ನದೇನೂ ತಕರಾರಿಲ್ಲ’ ಎಂದು ಬರೆದುಕೊಟ್ಟು ಸಹಿ ಹಾಕುತ್ತಾನೆ.

ಕಾಮಗಾರಿ ಮಾಡುವ ಗುತ್ತಿಗೆದಾರರಿಗೆ ಇದಕ್ಕಿಂತ ದೊಡ್ಡ ಕಾಟ ಬಾಕಿ ಬಿಲ್ಲುಗಳದು. ಸುಪ್ತ ಸ್ಥಿತಿಗೆ ಧಕ್ಕೆ ತರದ ವ್ಯವಹಾರಗಳನ್ನು ಕಾಯ್ದೆ ಎಣಿಸಿ ಹೇಳಿದೆ: ರಿಜಿಸ್ಟ್ರಾರರಿಗೆ ಕಟ್ಟುವ ಶುಲ್ಕ, ಕಾನೂನು ಪಾಲನೆಗೆ ಮಾಡುವ ಪಾವತಿ, ಕಾನೂನಿಗಾಗಿ ಹಂಚಿದ ಷೇರು, ಕಚೇರಿ ಮತ್ತು ದಾಖಲೆ ಕಾಪಾಡುವ ಖರ್ಚು. ಅಷ್ಟೇ. ಹಳೆಯ ಬಿಲ್ಲಿನ ಹಣ ಬರುವುದು ಈ ಪಟ್ಟಿಯಲ್ಲಿಲ್ಲ. ಪಂಚಾಯತಿಯ ರಸ್ತೆ ಮಾಡಿದ, ಶಾಲೆಯ ಕೊಠಡಿ ಕಟ್ಟಿದ ಖಾನಾಪುರದ ಗುತ್ತಿಗೆದಾರನ ಬಿಲ್ಲು ಯಾವ ವರ್ಷ ಪಾಸಾಗುತ್ತದೆಂದು ಬ್ರಹ್ಮನೂ ಹೇಳಲಾರ. ಇಲಾಖೆ ಹಿಡಿದಿಟ್ಟ ಭದ್ರತಾ ಠೇವಣಿ, ಕೆಲಸ ಮುಗಿದ ಮೇಲಿನ ದೋಷ ಹೊಣೆಗಾರಿಕೆಯ ಅವಧಿ ಕಳೆದ ಮೇಲೆ ಮರಳುತ್ತದೆ. ಅವನು ಎರಡು ವರ್ಷ ಸುಮ್ಮನಿದ್ದು, ಇನ್ನೇನು ಅರ್ಜಿ ಹಾಕಬೇಕೆನ್ನುವಾಗ ಖಾತೆಗೆ ಹಳೆಯ ಬಾಕಿ ಬಂದು ಬೀಳುತ್ತದೆ. ಹಣ ಬಂದದ್ದಕ್ಕೆ ಅಳಬೇಕೋ ನಗಬೇಕೋ ತಿಳಿಯದು. ಇಂಥವನು ಸುಪ್ತ ಪ್ರಮಾಣಪತ್ರದ ಆಸೆ ಬಿಡುವುದೇ ನೆಟ್ಟಗೆ. ಮೇಲಾಗಿ ಕಾಮಗಾರಿಯ ಟೆಂಡರುಗಳಲ್ಲಿ ಕಳೆದ ಕೆಲವು ವರ್ಷಗಳ ವಹಿವಾಟು, ಅನುಭವ ಕೇಳುತ್ತಾರೆ. ಖಾಲಿ ಬಿಟ್ಟ ವರ್ಷಗಳು ಆ ಲೆಕ್ಕದಲ್ಲಿ ಸೊನ್ನೆಯಾಗಿ ಕೂರುತ್ತವೆ; ಡ್ರಾಯಿಂಗ್ ಮಾಡುವವನಿಗೆ ಈ ಪೆಟ್ಟಿಲ್ಲ, ರಸ್ತೆ ಮಾಡುವವನಿಗೆ ಇದೆ.

ಲಂಡನ್, ರೀಡಿಂಗ್ ಕಡೆ ಐಟಿ ಕೆಲಸಕ್ಕಿರುವ ನಮ್ಮವರು ಈ ಕಥೆ ಕೇಳಿದರೆ ನಗುತ್ತಾರೆ. ಸ್ವಂತ ಲಿಮಿಟೆಡ್ ಕಂಪನಿಯ ಮೂಲಕ ಕಾಂಟ್ರ್ಯಾಕ್ಟ್ ಮಾಡುವುದು ಅಲ್ಲಿ ಮಾಮೂಲು. ಆಳಾಗಿ ದುಡಿದು ಕಂಪನಿಯ ಮರೆಯಲ್ಲಿ ತೆರಿಗೆ ಉಳಿಸುತ್ತಾರೆಂದು 2000ದಲ್ಲಿ ಐಆರ್35 ಎಂಬ ನಿಯಮ ತಂದರು. 2021ರ ಏಪ್ರಿಲ್‌ನಿಂದ, ಇವನು ಗುತ್ತಿಗೆದಾರನೋ ನೌಕರನೋ ಎಂದು ತೀರ್ಮಾನಿಸುವ ಹೊಣೆಯನ್ನು ದೊಡ್ಡ, ಮಧ್ಯಮ ಖಾಸಗಿ ಸಂಸ್ಥೆಗಳ ತಲೆಗೆ ಕಟ್ಟಿದರು. ಸಂಸ್ಥೆಗಳು ಗೊಡವೆಯೇ ಬೇಡವೆಂದು ‘ಪೇರೋಲ್‌ಗೆ ಬನ್ನಿ’ ಎಂದವು. ಎಷ್ಟೋ ಜನ ತಮ್ಮ ಕಂಪನಿಯನ್ನು ಪಕ್ಕಕ್ಕಿಟ್ಟು ಮಧ್ಯವರ್ತಿ ಸಂಸ್ಥೆಗಳ ಪಗಾರಕ್ಕೆ ಹೋದರು. ಅಲ್ಲಿ ಕಂಪನಿಯನ್ನು ಸುಪ್ತವಾಗಿಡಲು ಎರಡು ವರ್ಷ ಕಾಯಬೇಕಿಲ್ಲ, ರಿಜಿಸ್ಟ್ರಾರರ ಅಪ್ಪಣೆಯೂ ಬೇಕಿಲ್ಲ. ಆ ಹಣಕಾಸು ವರ್ಷದಲ್ಲಿ ಗಣನೀಯ ವ್ಯವಹಾರ ಇರದಿದ್ದರೆ ಸಣ್ಣ ಕಂಪನಿ ಆಡಿಟ್ ಇಲ್ಲದೆ ಪುಟ್ಟ ಲೆಕ್ಕಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ನಮ್ಮಲ್ಲೂ ಒಂದೇ ವರ್ಷಕ್ಕೆ ಹೀಗೆ ಬಿಟ್ಟುಕೊಡಲು ಏನಡ್ಡಿ? ನಕಲಿ ಕಂಪನಿಗಳ ಭಯ ಎನ್ನುತ್ತಾರೆ. ಚಾಲಾಕಿ ನಕಲಿ ಕಂಪನಿಯವರು ಹೇಗೂ ಎಲ್ಲ ನಮೂನೆಗಳನ್ನೂ ಗಡುವಿನೊಳಗೇ ತುಂಬುತ್ತಾರೆ.

ಇನ್ನು ಪುಣೆಯ ಕಡೆಯ ಮಾತು. ಕಂಪನಿಗೆ ಕೆಲಸವಿಲ್ಲದಿದ್ದರೂ ನಿಮ್ಮ ಹೆಸರು ನಿರ್ದೇಶಕನೆಂದು ಕೇಂದ್ರ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಇರುತ್ತದೆ. ಯಾರು ಬೇಕಾದರೂ ಹುಡುಕಬಹುದು. ಎರಡು ಕಡೆ ಪಿಎಫ್ ಕಟ್ಟಿದರಂತೂ ಒಂದೇ ಯುಎಎನ್ ಸಂಖ್ಯೆಯಡಿ ಎರಡೂ ಬಯಲಾಗುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದ 300 ನೌಕರರನ್ನು ಪತ್ತೆಹಚ್ಚಿದ್ದಾಗಿ ಹೇಳಿದ ಮೇಲೆ ನೇಮಕ ಪತ್ರಗಳ ಒಕ್ಕಣೆ ಎಲ್ಲೆಡೆ ಬಿಗಿಯಾಗಿದೆ. ‘ಬೇರೆ ಉದ್ಯೋಗ, ವ್ಯವಹಾರ, ನಿರ್ದೇಶಕತ್ವ ಇದ್ದರೆ ತಿಳಿಸತಕ್ಕದ್ದು’ ಎಂಬ ಸಾಲು ಈಗ ಸಾಮಾನ್ಯ. ಅದನ್ನು ಓದದೆ ಸಹಿ ಹಾಕಬಾರದು. ನನಗೆ ಇಂಥದೊಂದು ಕಂಪನಿ ಇದೆ, ನೌಕರಿಯ ಅವಧಿಯಲ್ಲಿ ಅದು ಹೊಸ ಕೆಲಸ ಹಿಡಿಯುವುದಿಲ್ಲ, ಶಾಸನಬದ್ಧ ಕಾಗದಪತ್ರ ಮಾತ್ರ ನಡೆಯುತ್ತದೆ ಎಂದು ಮೊದಲ ದಿನವೇ ಮೇಲ್ ಹಾಕಿ ಒಪ್ಪಿಗೆ ಪಡೆದರೆ ಮುಂದೆ ಯಾರೂ ಬೆರಳು ತೋರುವಂತಿಲ್ಲ. ಆಮೇಲೆ ಉದ್ಯಮಬಾಗದ ಹಳೆಯ ಗಿರಾಕಿ ಫೋನ್ ಮಾಡಿ ‘ಒಂದ್ ಸಣ್ಣ ಡ್ರಾಯಿಂಗ್ ಐತ್ರಿ, ರಾತ್ರಿ ಕುಂತ ಮಾಡ್ರಿ’ ಅಂದಾಗ ಕಷ್ಟವಾಗುತ್ತದೆ. ಬೇಡ ಎನ್ನಬೇಕು. ಪುಕ್ಕಟೆ ಮಾಡಿಕೊಟ್ಟರೂ ಅದು ಪುಣೆಯವರ ಕಣ್ಣಿಗೆ ಕೆಲಸವೇ.

ಕಂಪನಿಯಲ್ಲಿ ಉಳಿದ ಹಣಕ್ಕೂ ಕೈ ಹಾಕುವ ಹಾಗಿಲ್ಲ. ಪುಣೆಯಲ್ಲಿ ಬಾಡಿಗೆ ಮನೆಯ ಡಿಪಾಸಿಟ್‌ಗೆ ಎಂದು ಕಂಪನಿ ಖಾತೆಯಿಂದ ತೆಗೆದರೆ ಅದು ನಿರ್ದೇಶಕನಿಗೆ ಕೊಟ್ಟ ಸಾಲವಾಗುತ್ತದೆ, ಕಂಪನಿ ಕಾಯ್ದೆ ತಡೆಯುತ್ತದೆ, ಆದಾಯ ತೆರಿಗೆಯವರು ಅದನ್ನು ಡಿವಿಡೆಂಡ್ ಎಂದು ಹಿಡಿಯಬಹುದು. ಖಾತೆಯಲ್ಲಿ ಎರಡು ವರ್ಷಕ್ಕೂ ಮೀರಿ ಗ್ರಾಹಕನ ಕಡೆಯಿಂದ ಯಾವ ವ್ಯವಹಾರವೂ ಆಗದಿದ್ದರೆ ಬ್ಯಾಂಕು ಅದನ್ನು ನಿಷ್ಕ್ರಿಯ ಖಾತೆಯ ಸಾಲಿಗೆ ಸೇರಿಸುತ್ತದೆ. ಆಡಿಟರ್ ಫೀಯನ್ನು ಕಂಪನಿ ಖಾತೆಯಿಂದಲೇ ಕೊಟ್ಟರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ.

ಇಷ್ಟೆಲ್ಲ ಕೇಳಿದವರು ‘ಹಂಗಾರ ತಗದ ಒಗೀರಿ ಅದನ್ನ’ ಎನ್ನುತ್ತಾರೆ. ಒಗೆಯಲೂ ಎರಡು ವರ್ಷ ಧಂದೆ ಇಲ್ಲದಿರುವುದು ಸಾಮಾನ್ಯ ಆಧಾರ. ಎಸ್‌ಟಿಕೆ-2 ನಮೂನೆ, 10,000 ರೂಪಾಯಿ ಶುಲ್ಕ, ಬ್ಯಾಂಕ್ ಖಾತೆ ಮುಚ್ಚಿದ ದಾಖಲೆ, ಮುಂದೆ ಯಾರಾದರೂ ಬಾಕಿ ಕೇಳಿದರೆ ನಾನೇ ಹೊಣೆ ಎಂಬ ಬಾಂಡು. 2023ರ ಮೇಯಿಂದ ಈ ಅರ್ಜಿಗಳೆಲ್ಲ ದೇಶಕ್ಕೊಂದೇ ಕೇಂದ್ರಕ್ಕೆ, ಹರಿಯಾಣದ ಮಾನೇಸರಕ್ಕೆ, ಹೋಗುತ್ತವೆ. ಮೊದಲಿಗಿಂತ ಬೇಗ ಮುಗಿಯುತ್ತಿದೆ. ಒಬ್ಬನೇ ದುಡಿಯುವ, ಸಾಲ ಬೇಡದ, ವರ್ಷಕ್ಕೆ 75 ಲಕ್ಷದೊಳಗಿನ ಬಿಲ್ಲನ್ನು ಬ್ಯಾಂಕಿನ ಮೂಲಕವೇ ಪಡೆಯುವ ಎಂಜಿನಿಯರನಿಗೆ ನನ್ನ ಒಲವು ಇದರ ಕಡೆಗೇ. ಸ್ವಂತ ಹೆಸರಿನಲ್ಲಿ ಮಾಡಿದರೆ ಗಳಿಕೆಯ ಅರ್ಧವನ್ನು ಲಾಭವೆಂದು ತೋರಿಸಿ ತೆರಿಗೆ ಕಟ್ಟುವ ಸರಳ ದಾರಿ ಅವನಿಗಿದೆ, ಕಂಪನಿಗೆ ಇಲ್ಲ. ವೆಂಡರ್ ಲಿಸ್ಟಿನ ಆ ದೊಡ್ಡ ಗಿರಾಕಿ ಇನ್ನೂ ಆರ್ಡರ್ ಕೊಡುತ್ತಿದ್ದಾನೆಯೇ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಬೇಕು.

ಉಳಿಸಿಕೊಳ್ಳುವವರು ಬಸ್ಸು ಹತ್ತುವ ಮುಂಚೆ ನೋಡಬೇಕಾದದ್ದು ವಿಳಾಸ. ಹಿಂದವಾಡಿಯ ಬಾಡಿಗೆ ಮನೆಯೇ ನೋಂದಾಯಿತ ಕಚೇರಿಯಾಗಿದ್ದು, ಅದನ್ನು ಬಿಟ್ಟು ಹೋದರೆ ಆ ಕಚೇರಿ ಎಲ್ಲಿರಬೇಕು? ಬೆಳಗಾವಿಯೊಳಗೇ ಇನ್ನೊಂದು ಮನೆಗಾದರೆ ನಿರ್ದೇಶಕನ ನಿರ್ಣಯ ಸಾಕು, 30 ದಿನದಲ್ಲಿ ಐಎನ್‌ಸಿ-22 ಹಾಕಬೇಕು. ಖಾನಾಪುರದ ಅಪ್ಪನ ಮನೆಗೆ ಒಯ್ಯುವುದಾದರೆ ನಗರದ ಎಲ್ಲೆ ದಾಟಿದಂತಾಯಿತು, ವಿಶೇಷ ನಿರ್ಣಯ ಬೇಕು. ಪುಣೆಗೆ ಒಯ್ಯುವ ಯೋಚನೆ ಬೇಡ. ರಾಜ್ಯ ಬದಲಾದರೆ ಪ್ರಾದೇಶಿಕ ನಿರ್ದೇಶಕರ ಅನುಮತಿಯವರೆಗೂ ಹೋಗುತ್ತದೆ. ಕಚೇರಿ ಎಲ್ಲೇ ಇರಲಿ, ಬೋರ್ಡು ಇರಬೇಕು, ಕಾಗದ ತೆಗೆದುಕೊಳ್ಳುವವರು ಇರಬೇಕು. ರಿಜಿಸ್ಟ್ರಾರ್ ಬಂದು ಪರಿಶೀಲಿಸುವ ಅಧಿಕಾರ 2018ರಿಂದ ಇದೆ. ಹೆಸರು ತೆಗೆಯುವ ಮುನ್ನ ಅವರು ಕಳಿಸುವ ನೋಟಿಸಿಗೆ ಉತ್ತರಿಸಲು ಸಿಗುವುದು 30 ದಿನ. ಅದು ಮೀರಿ ಹೆಸರು ಹೋದರೆ ಮರಳಿ ಪಡೆಯಲು ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು, ವಕೀಲರನ್ನು ಹಿಡಿಯಬೇಕು. ಆದ್ದರಿಂದ ಸ್ಪೀಡ್ ಪೋಸ್ಟ್ ಬಂದರೆ ಒಡೆದು ಓದಿ ಅಂದೇ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಬೇಕೆಂದು ಮನೆಯಲ್ಲಿ ಉಳಿಯುವ ಒಬ್ಬರಿಗೆ, ಅವ್ವನಿಗಾದರೂ ಸರಿ, ಹೇಳಿ ಹೋಗಿ. ಇಮೇಲ್ ವಿಳಾಸ ಸಿಎ ಆಫೀಸಿನದಿದ್ದರೆ ಅದನ್ನೂ ನಿಮ್ಮದಕ್ಕೆ ಬದಲಿಸಿಕೊಳ್ಳಿ.